ಇಬ್ಬರ ಸವಾರಿಗೆ ಮಧ್ಯಮ ಗಾತ್ರದ ಸ್ಕೂಟರ್: ಆಯ್ಕೆ ಹಿಂದಿನ ಸೀಟಿನಿಂದ ಶುರುವಾಗಲಿ

ಸ್ಕೂಟರ್ ನೋಡಲು ಹೋದವರು ಮೊದಲು ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಎರಡೂ ಕಾಲು ನೆಲಕ್ಕೆ ಸಿಗುತ್ತವಾ ನೋಡುತ್ತಾರೆ. ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸುತ್ತಾರೆ. ಒಂದು ಸುತ್ತು ಓಡಿಸಿ, ಪಿಕಪ್ ಚೆನ್ನಾಗಿದೆ ಅಂತ ಮುಂಗಡ ಕೊಟ್ಟು ಬರುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದೆ.

ತಂದ ಮೇಲೆ ಬಂದ ಮೊದಲ ರಜೆಯ ದಿನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಒಂದು ಗಂಟೆಯ ದಾರಿ ಹೋದೆ. ನನಗೇನೂ ಅನಿಸಲಿಲ್ಲ. ಅವಳು ಇಳಿದವಳೇ ಸೀಟಿನ ಅಂಚು ಹಿಡಿದು ಹಾಗೇ ನಿಂತುಬಿಟ್ಟಳು. ತೊಡೆಸಂದು ಹಿಡಿದುಕೊಂಡಿತ್ತು, ಕಾಲು ಎತ್ತಿಡಲು ಆಗುತ್ತಿರಲಿಲ್ಲ. ಸೀಟು ಅಷ್ಟು ಅಗಲವಾಗಿತ್ತು. ವಾಪಸ್ ಬರುವಾಗ ಒಂದು ಗುಂಡಿಯಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ಪೂರ್ತಿ ಕುಸಿದು ಠಣ್ ಎಂದಿತು. ನನಗೆ ಸದ್ದು ಕೇಳಿಸಿತು ಅಷ್ಟೇ. ಪೆಟ್ಟು ಬಿದ್ದಿದ್ದು ಅವಳ ಬೆನ್ನಿಗೆ.

ಅದೇ ಸ್ಕೂಟರ್ ನಾನೊಬ್ಬನೇ ಓಡಿಸಿದಾಗ ಮೆತ್ತಗೆ, ಹಗುರವಾಗಿ ಓಡುತ್ತಿತ್ತು. ಅಂದಿನಿಂದ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಒಬ್ಬರು ಕೂತ ಸ್ಕೂಟರ್ ಬೇರೆ, ಇಬ್ಬರು ಕೂತ ಸ್ಕೂಟರ್ ಬೇರೆ. ನಿಮ್ಮ ಓಡಾಟ ಹೆಚ್ಚಾಗಿ ಇಬ್ಬರದ್ದಾದರೆ ಆಯ್ಕೆಯನ್ನು ಹಿಂದಿನ ಸೀಟಿನಿಂದ ಶುರು ಮಾಡಿ. ಯಾಕೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮಧ್ಯಮ ಗಾತ್ರ ಎಂದರೆ ಸುಮಾರು 150 ಸಿಸಿಯಿಂದ 400 ಸಿಸಿವರೆಗಿನವು. ಕೆಳತುದಿಯಲ್ಲಿ ಹೋಂಡಾ ಪಿಸಿಎಕ್ಸ್ 160, ಯಮಹಾ ಎನ್‌ಮ್ಯಾಕ್ಸ್ 155 ಇವೆ. ಇವು ಸುಮಾರು 130 ಕೆ.ಜಿ. ತೂಗುತ್ತವೆ, ಶಕ್ತಿ 15 ಎಚ್‌ಪಿ ಆಸುಪಾಸು. ನಡುವೆ ಯಮಹಾ ಎಕ್ಸ್‌ಮ್ಯಾಕ್ಸ್ 300, ಹೋಂಡಾ ಫೋರ್ಜಾ 350, ಹೋಂಡಾ ಎಸ್‌ಎಚ್ 350, ವೆಸ್ಪಾ ಜಿಟಿಎಸ್ 300 ಇವೆ. ಮೇಲ್ತುದಿಯಲ್ಲಿ ಸುಜುಕಿ ಬರ್ಗ್‌ಮನ್ 400, ಬಿಎಂಡಬ್ಲ್ಯು ಸಿ 400 ಜಿಟಿ, ಪಿಯಾಜಿಯೊ ಬೆವರ್ಲಿ 400. ಈ ಒಂದೇ ಗುಂಪಿನೊಳಗೆ ಶಕ್ತಿ ಎರಡು ಪಟ್ಟಿಗೂ ಜಾಸ್ತಿ ಏರುತ್ತದೆ, ತೂಕ 80 ಕೆ.ಜಿ.ಗೂ ಮೀರಿ ಹೆಚ್ಚಾಗುತ್ತದೆ.

ತೂಕದ ಲೆಕ್ಕ

65 ಕೆ.ಜಿ.ಯ ಒಬ್ಬರು ಹಿಂದೆ ಕೂತರು ಎಂದುಕೊಳ್ಳಿ. 130 ಕೆ.ಜಿ. ಸ್ಕೂಟರ್, 75 ಕೆ.ಜಿ. ಸವಾರ, ಸೇರಿ 205. ಹಿಂದಿನವರು ಕೂತ ಕೂಡಲೇ 270. ಅಂದರೆ ಎಂಜಿನ್ ಎಳೆಯಬೇಕಾದ, ಬ್ರೇಕ್ ನಿಲ್ಲಿಸಬೇಕಾದ ಭಾರ ಶೇಕಡ 32ರಷ್ಟು ಹೆಚ್ಚಾಯಿತು. ಅದೇ ಜನ 185 ಕೆ.ಜಿ. ಸ್ಕೂಟರ್ ಮೇಲೆ ಕೂತರೆ ಹೆಚ್ಚಾಗುವುದು ಶೇಕಡ 25. 215 ಕೆ.ಜಿ.ಯದ್ದಾದರೆ 22. ಭಾರದ ಸ್ಕೂಟರ್ ಹಿಂಬದಿ ಸವಾರರನ್ನು ಅಷ್ಟಾಗಿ ಲೆಕ್ಕಕ್ಕೇ ತಗೊಳ್ಳುವುದಿಲ್ಲ ಅನಿಸುವುದಕ್ಕೆ ಇದೇ ಕಾರಣ. ಹಗುರ ಸ್ಕೂಟರ್ ಮಾತ್ರ ಹಿಂದಿನವರು ಸ್ವಲ್ಪ ಅಲುಗಾಡಿದರೂ ಓಲಾಡುತ್ತದೆ.

ಆದರೆ ಭಾರಕ್ಕೂ ಬೆಲೆ ತೆರಬೇಕು. 215 ಕೆ.ಜಿ. ಗಾಡಿಯನ್ನು ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ತಳ್ಳುವುದು, ಸ್ವಲ್ಪ ಇಳಿಜಾರಿನಲ್ಲಿ ತಿರುಗಿಸುವುದು ಸುಲಭದ ಕೆಲಸವಲ್ಲ. ನಿಂತಾಗ ಒಂದು ಕಡೆ ವಾಲಿತು ಅಂದರೆ ಇಬ್ಬರು ಕೂತ ಗಾಡಿಯನ್ನು ಒಂದೇ ಕಾಲಿನಲ್ಲಿ ತಡೆಯುವುದು ಕಷ್ಟ. ಹಾಗಾಗಿ ಹಿಂದಿನ ಸೀಟಿನ ಸುಖಕ್ಕೆ ಎಷ್ಟು ತೂಕ ಬೇಕು ಅನ್ನುವುದು ಒಂದು ಪ್ರಶ್ನೆ, ಅಷ್ಟು ತೂಕವನ್ನು ನೀವು ಸಂಭಾಳಿಸಬಲ್ಲಿರಾ ಅನ್ನುವುದು ಇನ್ನೊಂದು. ಮುಂದಿನ ಸೀಟಿನಲ್ಲಿ ಕೂತು ನೋಡುವ ಕೆಲಸ ಇಲ್ಲಿ ಬೇಕಾಗುತ್ತದೆ.

ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಗಾಡಿ ಹೊರಬಹುದಾದ ಒಟ್ಟು ಭಾರ. ಮಾಲೀಕರ ಕೈಪಿಡಿಯಲ್ಲಿ ಇದು ಇರುತ್ತದೆ. ಗಾಡಿ ತುಂಬಿದಾಗ ಇರಬಹುದಾದ ಗರಿಷ್ಠ ತೂಕದಿಂದ, ಪೆಟ್ರೋಲ್ ತುಂಬಿದ ಖಾಲಿ ಗಾಡಿಯ ತೂಕ ಕಳೆದರೆ ನಿಮಗೆ ಉಳಿದಿದ್ದು ಎಷ್ಟು ಅಂತ ಗೊತ್ತಾಗುತ್ತದೆ. ಒಂದು ಉದಾಹರಣೆ ನೋಡೋಣ. ಗರಿಷ್ಠ 365, ಖಾಲಿ ಗಾಡಿ 185. ಉಳಿದಿದ್ದು 180 ಕೆ.ಜಿ. ಕೇಳಲು ಬೇಕಾದಷ್ಟಾಯಿತು ಅನಿಸುತ್ತದೆ, ಅಲ್ವಾ? 75 ಮತ್ತು 65 ಕೆ.ಜಿ.ಯ ಇಬ್ಬರು, ಎರಡು ಹೆಲ್ಮೆಟ್, ಜಾಕೆಟ್, ಬೂಟು ಸೇರಿ 8, ಹಿಂದಿನ ಪೆಟ್ಟಿಗೆ ಮತ್ತು ಅದರೊಳಗಿನ ಸಾಮಾನು 12. ಒಟ್ಟು 160. ಸರಿಹೋಯಿತು. ಆದರೆ ಇಬ್ಬರೂ ದಪ್ಪಗಿದ್ದು 95 ಮತ್ತು 80 ತೂಗಿದರೆ ಬರೀ ಜನ ಮತ್ತು ಬಟ್ಟೆಯೇ 183. ಪೆಟ್ಟಿಗೆ ಹಾಕುವ ಮೊದಲೇ ಮಿತಿ ದಾಟಿತು. ನಿಮ್ಮ ಮನೆಯ ತೂಕ ಹಾಕಿ ಈ ಕೂಡುವ ಲೆಕ್ಕವನ್ನು ಒಮ್ಮೆ ಮಾಡಿ. ಕೆಲವು ಕಡೆ ಎಣ್ಣೆ, ಪೆಟ್ರೋಲ್ ಇಲ್ಲದ ಒಣ ತೂಕವನ್ನು ಛಾಪಿಸಿರುತ್ತಾರೆ. ಅದನ್ನು ಹಿಡಿದು ಲೆಕ್ಕ ಹಾಕಿದರೆ ಹತ್ತು ಕಿಲೋ ಆಸುಪಾಸು ತಪ್ಪುತ್ತದೆ.

ಎಷ್ಟು ಎಂಜಿನ್ ಬೇಕು?

ಊರೊಳಗೆ, ಗಂಟೆಗೆ 50 - 60 ಕಿ.ಮೀ. ಒಳಗೆ ಓಡಾಡುವವರಿಗೆ 150 - 160 ಸಿಸಿ ಇಬ್ಬರಿಗೂ ಸಾಕು. ಇದರಲ್ಲಿ ನನಗೆ ಅನುಮಾನವಿಲ್ಲ. ಸಮಸ್ಯೆ ಬರುವುದು ಹೆದ್ದಾರಿಯಲ್ಲಿ, ಅದರಲ್ಲೂ ಏರಿನಲ್ಲಿ.

ಒಂದು ಸ್ಥೂಲ ಲೆಕ್ಕ ಹೇಳುತ್ತೇನೆ. ಇಬ್ಬರು ಕೂತ ಸ್ಕೂಟರ್ 90 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿಯನ್ನು ಸೀಳಲಿಕ್ಕೇ ಹಿಂಚಕ್ರದಲ್ಲಿ ಸುಮಾರು 8 ಎಚ್‌ಪಿ ಬೇಕು. ಟೈರ್ ಉರುಳಲು ಇನ್ನೊಂದು 2. ದಾರಿ ಸಮತಟ್ಟಾಗಿದ್ದರೆ ಅಷ್ಟೇ. ದಾರಿ ನೂರು ಮೀಟರಿಗೆ ಆರು ಮೀಟರ್ ಏರುತ್ತಿದ್ದರೆ, 325 ಕೆ.ಜಿ.ಯನ್ನು ಮೇಲೆತ್ತಲು ಬೇರೆ 6 ಎಚ್‌ಪಿ ಚಿಲ್ಲರೆ ಬೇಕು. ಒಟ್ಟು 16 ದಾಟಿತು. ಬೆಲ್ಟ್ ಮೂಲಕ ಬರುವಾಗ ಐದರಲ್ಲೊಂದು ಪಾಲು ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ ಎಂದಿಟ್ಟುಕೊಂಡರೆ, ಎಂಜಿನ್ 20 ಎಚ್‌ಪಿ ಕೊಡಬೇಕು.

15 ಎಚ್‌ಪಿ ಗಾಡಿ ಹಗುರ ನಿಜ, ಅದನ್ನು ಲೆಕ್ಕಕ್ಕೆ ಹಿಡಿದರೂ ಆ ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುವಿ 80ರ ಹತ್ತಿರ ನಿಂತುಬಿಡುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ ಅದು ನೆಮ್ಮದಿಯ ಜಾಗವಲ್ಲ. 28 - 29 ಎಚ್‌ಪಿ ಇರುವ 300 - 350 ಸಿಸಿ ಗಾಡಿಗೆ ಅದೇ ಏರಿನಲ್ಲಿ 8 ಎಚ್‌ಪಿ ಕೈಯಲ್ಲಿ ಮಿಕ್ಕಿರುತ್ತದೆ. ಹಿಂದಿಕ್ಕಲು ಬೇಕಾಗುವುದು ಆ ಮಿಕ್ಕ ಶಕ್ತಿಯೇ. ಹೆದ್ದಾರಿಯಲ್ಲಿ ಇಬ್ಬರು ಹೋಗುವವರಿಗೆ 300 ಸಿಸಿಯಿಂದ ಶುರು ಮಾಡಿ ಅಂತ ನಾನು ಹೇಳುವುದು ಅದಕ್ಕೇ. ಅಲ್ಲಿಂದ ಮೇಲೆ 400ಕ್ಕೆ ಹೋದರೆ ಸಿಗುವ ಲಾಭ ಅಷ್ಟೇನಿಲ್ಲ. ಬರ್ಗ್‌ಮನ್ 400ರ ಶಕ್ತಿ ಎಕ್ಸ್‌ಮ್ಯಾಕ್ಸ್ 300ಕ್ಕಿಂತ ಒಂದು ಎಚ್‌ಪಿಯಷ್ಟೇ ಜಾಸ್ತಿ, ತೂಕ ಮಾತ್ರ 35 ಕೆ.ಜಿ.ಗೂ ಹೆಚ್ಚು. ಅದನ್ನು ಕೊಳ್ಳುವವರು ಅದರ ತಗ್ಗು ಸೀಟಿಗೆ, ನಿಧಾನ ವೇಗದಲ್ಲೇ ಸಿಗುವ ಎಳೆತಕ್ಕೆ, ಮೈಚಾಚಿ ಕೂರುವ ಜಾಗಕ್ಕೆ ಕೊಳ್ಳಬೇಕು.

ಸ್ಕೂಟರಿನ ಗೇರಿನ ಬಗ್ಗೆಯೂ ಒಂದು ಮಾತು. ಇಲ್ಲಿ ಬದಲಿಸುವ ಹಲ್ಲಿನ ಗೇರುಗಳಿಲ್ಲ. ಎರಡು ರಾಟೆ, ನಡುವೆ ಒಂದು ರಬ್ಬರ್ ಬೆಲ್ಟ್. ಎಂಜಿನ್ ಜೋರಾಗಿ ತಿರುಗಿದಂತೆ ಮುಂದಿನ ರಾಟೆಯೊಳಗಿನ ರೋಲರ್‌ಗಳು ಹೊರಕ್ಕೆ ಸರಿದು, ರಾಟೆಯ ಎರಡು ಬಿಲ್ಲೆಗಳನ್ನು ಹತ್ತಿರ ತರುತ್ತವೆ. ಬೆಲ್ಟ್ ಮೇಲೇರುತ್ತದೆ, ಗೇರು ಎತ್ತರವಾಗುತ್ತದೆ. ಭಾರ ಹೆಚ್ಚಾಗಿ ನೀವು ಆಕ್ಸಿಲರೇಟರ್ ತಿರುವಿದರೆ ಹಿಂದಿನ ರಾಟೆಯ ಸ್ಪ್ರಿಂಗ್ ಬೆಲ್ಟನ್ನು ಮತ್ತೆ ಕೆಳಗಿನ ಗೇರಿಗೆ ಎಳೆಯುತ್ತದೆ. ಇಬ್ಬರಿದ್ದಾಗ ಎಂಜಿನ್ ಜಾಸ್ತಿ ಕೂಗುವುದು ಇದರಿಂದಲೇ. ಅದು ದೋಷವಲ್ಲ, ಆದರೆ ಬೆಲ್ಟ್ ಬಿಸಿಯಾಗುವುದು, ಸವೆಯುವುದು ಎರಡೂ ಜಾಸ್ತಿ. ಏರಿನ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಹಿಡಿದೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ತಾನಾಗಿ ಹಿಡಿದು ಬಿಡುವ ಕ್ಲಚ್ ಸುಮ್ನೆ ಉಜ್ಜಿ ಸುಟ್ಟುಹೋಗುತ್ತದೆ. ಬ್ರೇಕ್ ಹಿಡಿಯಿರಿ.

ಹಿಂದಿನ ಶಾಕ್ ಅಬ್ಸಾರ್ಬರ್: ಎಲ್ಲ ಗೋಳಿನ ಮೂಲ

ಬೈಕಿಗೂ ಸ್ಕೂಟರಿಗೂ ಇರುವ ದೊಡ್ಡ ವ್ಯತ್ಯಾಸ ಹಿಂಬದಿಯಲ್ಲಿದೆ. ಬೈಕಿನಲ್ಲಿ ಎಂಜಿನ್ ಚೌಕಟ್ಟಿಗೆ ಬಿಗಿದಿರುತ್ತದೆ. ಗುಂಡಿ ಬಂದಾಗ ಚಕ್ರ ಮತ್ತು ಅದನ್ನು ಹಿಡಿದ ತೋಳು ಮಾತ್ರ ಮೇಲೆ ಕೆಳಗೆ ಆಡುತ್ತವೆ. ಈ ಗಾತ್ರದ ಸ್ಕೂಟರುಗಳಲ್ಲಿ ಎಂಜಿನ್, ಬೆಲ್ಟಿನ ಡಬ್ಬಿ, ಹಿಂಚಕ್ರ ಮೂರೂ ಸೇರಿ ಒಂದೇ ತುಂಡಾಗಿ ಆಡುತ್ತವೆ. ಅಷ್ಟು ಭಾರ ಒಮ್ಮೆ ಮೇಲೆದ್ದರೆ ಅದನ್ನು ತಡೆಯುವುದು ಸ್ಪ್ರಿಂಗಿಗೆ ಕಷ್ಟ. ಸಣ್ಣ ಉಬ್ಬು ಕೂಡ ಒದ್ದ ಹಾಗೆ ಅನಿಸುವುದು ಇದಕ್ಕೇ. ಆ ಒದೆತದ ನೇರ ಮೇಲೆ ಕೂತವರು ಯಾರು? ಹಿಂದಿನವರು. ಮುಂದೆ ಕೂತವರು ಎರಡು ಚಕ್ರಗಳ ನಡುವೆ ಇರುತ್ತಾರೆ, ಪೆಟ್ಟು ಅವರಿಗೆ ತಲುಪುವಷ್ಟರಲ್ಲಿ ಅರ್ಧ ಆಗಿರುತ್ತದೆ. ಹಾಗಾಗಿ ಸವಾರ ಗಾಡಿ ಮೆತ್ತಗಿದೆ ಎಂದರೆ ನಂಬಬೇಡಿ. ಆ ಮಾತನ್ನು ಹಿಂದೆ ಕೂತವರೇ ಹೇಳಬೇಕು.

2001ರಲ್ಲಿ ಬಂದ ಯಮಹಾ ಟಿಮ್ಯಾಕ್ಸ್ ಎಂಜಿನನ್ನು ಬೈಕಿನಂತೆ ಚೌಕಟ್ಟಿಗೆ ಬಿಗಿದು ಈ ತೊಂದರೆಗೆ ಒಂದು ದಾರಿ ತೋರಿಸಿತು. ಆದರೆ ಅದು 500 ಸಿಸಿಯಿಂದ ಶುರುವಾದ ದೊಡ್ಡ ಸ್ಕೂಟರ್, ನಮ್ಮ ಗುಂಪಿನಿಂದ ಆಚೆ. ಮಧ್ಯಮ ಗಾತ್ರದಲ್ಲಿ ನಾವು ಇರುವ ಸ್ಪ್ರಿಂಗಿನಲ್ಲೇ ಒಳ್ಳೆಯದನ್ನು ಹುಡುಕಬೇಕು.

ಇವುಗಳ ಹಿಂಚಕ್ರ ಮೇಲೆ ಕೆಳಗೆ ಆಡಲು ಇರುವ ಜಾಗ ಸಾಮಾನ್ಯವಾಗಿ 8ರಿಂದ 11 ಸೆಂ.ಮೀ. ಸವಾರ ಕೂತಾಗಲೇ ಅದರಲ್ಲಿ ಸ್ವಲ್ಪ ಖರ್ಚಾಗುತ್ತದೆ. ಹಿಂದಿನವರ ತೂಕ ಹೆಚ್ಚುಕಮ್ಮಿ ಪೂರ್ತಿ ಹಿಂಚಕ್ರದ ಮೇಲೇ ಬೀಳುವುದರಿಂದ ಇನ್ನೂ ಎರಡು ಮೂರು ಸೆಂ.ಮೀ. ಹೋಗುತ್ತದೆ. ಗುಂಡಿಗೆ ಅಂತ ಉಳಿದಿದ್ದು ತೀರಾ ಕಮ್ಮಿ. ಅದೂ ಮುಗಿದಾಗಲೇ ಆ ಠಣ್ ಸದ್ದು ಬರುವುದು.

ಇದಕ್ಕೆ ಇರುವ ಉಪಾಯ ಪ್ರೀಲೋಡ್. ಶಾಕ್ ಅಬ್ಸಾರ್ಬರಿನ ಬುಡದಲ್ಲೋ ತಲೆಯಲ್ಲೋ ಮೆಟ್ಟಿಲು ಮೆಟ್ಟಿಲಾಗಿರುವ ಒಂದು ಬಳೆ ಕಾಣುತ್ತದೆ. ಕೊಕ್ಕೆಯಂಥ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ಪ್ರಿಂಗ್ ಮೊದಲೇ ಸ್ವಲ್ಪ ಅದುಮಿ ಕೂರುತ್ತದೆ. ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಸ್ಪ್ರಿಂಗ್ ಅದೇ. ಇಬ್ಬರು ಕೂತಾಗ ಕುಸಿದ ಹಿಂಬದಿಯನ್ನು ಮತ್ತೆ ಮೇಲೆತ್ತಿ, ಗುಂಡಿಗೆ ಬೇಕಾದ ಜಾಗವನ್ನು ವಾಪಸ್ ಕೊಡುವುದಷ್ಟೇ ಪ್ರೀಲೋಡ್ ಕೆಲಸ. ಹಿಂಬದಿ ಕುಸಿದೇ ಇದ್ದರೆ ಬೇರೆ ತೊಂದರೆಗಳೂ ಸಾಲಾಗಿ ಬರುತ್ತವೆ. ಮುಂಚಕ್ರ ಹಗುರಾಗಿ ಹ್ಯಾಂಡಲ್ ತೇಲಿದಂತಾಗುತ್ತದೆ. ತಿರುವಿನಲ್ಲಿ ಸೆಂಟರ್ ಸ್ಟ್ಯಾಂಡ್ ನೆಲಕ್ಕೆ ಗೀರುತ್ತದೆ. ಹೆಡ್‌ಲೈಟ್ ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಆದ್ದರಿಂದ ಗಾಡಿ ನೋಡುವಾಗ ಹಿಂದೆ ಹೋಗಿ ಕೂತು ಆ ಬಳೆ ಹುಡುಕಿ. ಎಷ್ಟು ಮೆಟ್ಟಿಲಿದೆ? ಸೈಲೆನ್ಸರ್ ಬಿಚ್ಚದೆ ಕೈ ಹೋಗುತ್ತದಾ? ಸ್ಪ್ಯಾನರ್ ಗಾಡಿ ಜೊತೆಗೆ ಕೊಡುತ್ತಾರಾ? ಎರಡು ನಿಮಿಷದಲ್ಲಿ ತಿರುಗಿಸಲು ಆಗದ ಪ್ರೀಲೋಡ್ ಇದ್ದೂ ಇಲ್ಲದ ಹಾಗೆ. ಯಾರೂ ವಾರಕ್ಕೆರಡು ಸಲ ಅದಕ್ಕಾಗಿ ಗ್ಯಾರೇಜಿಗೆ ಹೋಗುವುದಿಲ್ಲ.

ಚಕ್ರ, ಟೈರು

ಚಕ್ರ ದೊಡ್ಡದಾದಷ್ಟೂ ಗುಂಡಿಯೊಳಗೆ ಇಳಿಯುವುದು ಕಮ್ಮಿ. ವೆಸ್ಪಾ ಜಿಟಿಎಸ್ 300ರದ್ದು 12 ಇಂಚಿನ ಚಕ್ರ, ಹೋಂಡಾ ಎಸ್‌ಎಚ್ 350ರದ್ದು 16. ಟೈರಿನ ದಪ್ಪ ಸೇರಿಸಿ ಲೆಕ್ಕ ಹಾಕಿದರೆ, 30 ಸೆಂ.ಮೀ. ಅಗಲದ ಆಳವಾದ ಗುಂಡಿಯೊಳಗೆ ಮೊದಲನೆಯದು ಸುಮಾರು 5.4 ಸೆಂ.ಮೀ. ಇಳಿಯುತ್ತದೆ, ಎರಡನೆಯದು 4.4. ಒಂದು ಸೆಂಟಿಮೀಟರ್ ಏನು ಮಹಾ ಅನಿಸಬಹುದು. ಇಬ್ಬರು ಕೂತು, ಶಾಕ್ ಅಬ್ಸಾರ್ಬರಿನಲ್ಲಿ ಜಾಗವೇ ಉಳಿದಿಲ್ಲದಾಗ ಆ ಒಂದು ಸೆಂಟಿಮೀಟರ್ ಸೊಂಟಕ್ಕೆ ಗೊತ್ತಾಗುತ್ತದೆ. ಎಕ್ಸ್‌ಮ್ಯಾಕ್ಸ್, ಫೋರ್ಜಾ ಎರಡರಲ್ಲೂ ಮುಂದೆ 15, ಹಿಂದೆ 14. ಇದು ಒಳ್ಳೆಯ ನಡುದಾರಿ. ಕೆಟ್ಟ ರಸ್ತೆಯೇ ಜಾಸ್ತಿ ಎನ್ನುವವರು 16 ಇಂಚಿನ ಕಡೆ ನೋಡಬೇಕು. ವೆಸ್ಪಾ ನುಣುಪು ರಸ್ತೆಯ ಊರಿಗೆ ಹೇಳಿ ಮಾಡಿಸಿದ ಗಾಡಿ.

ಟೈರಿನ ಪಕ್ಕದಲ್ಲಿ 140/70-14 62P ಅಂತ ಬರೆದಿರುತ್ತದೆ. 140 ಮಿ.ಮೀ. ಅಗಲ, ಎತ್ತರ ಅದರ ಶೇಕಡ 70, ಚಕ್ರ 14 ಇಂಚು. ಕೊನೆಯ 62 ಮುಖ್ಯ. ಅದು ಆ ಟೈರು ಹೊರುವ ಭಾರದ ಸಂಕೇತ: 60 ಇದ್ದರೆ 250 ಕೆ.ಜಿ., 62ಕ್ಕೆ 265, 66ಕ್ಕೆ 300. ಟೈರು ಬದಲಿಸುವಾಗ ಅಗ್ಗಕ್ಕೆ ಸಿಕ್ಕಿತೆಂದು ಈ ಅಂಕಿಯಲ್ಲಿ ಕೆಳಗಿಳಿಯಬಾರದು. ಗಾಳಿಯೂ ಅಷ್ಟೇ. ಕೈಪಿಡಿಯಲ್ಲಿ ಇಬ್ಬರಿಗೆ ಬೇರೆ ಒತ್ತಡ ಕೊಟ್ಟಿದ್ದರೆ ಅದನ್ನೇ ಹಾಕಿಸಿ, ಟೈರು ತಣ್ಣಗಿರುವಾಗ ನೋಡಿ.

ಸೀಟು

ಇನ್ನು ನನ್ನ ಹೆಂಡತಿಯ ತೊಡೆಸಂದಿನ ವಿಷಯಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ಕಳೆಯಿರಿ.

ಮಧ್ಯಮ ಗಾತ್ರದ ಸ್ಕೂಟರುಗಳ ದೊಡ್ಡ ಆಕರ್ಷಣೆ ಸೀಟಿನ ಕೆಳಗಿನ ಜಾಗ. ಫೋರ್ಜಾ, ಎಕ್ಸ್‌ಮ್ಯಾಕ್ಸ್ ಎರಡರಲ್ಲೂ ಮುಖ ಮುಚ್ಚುವ ಹೆಲ್ಮೆಟ್ ಎರಡು ಹಿಡಿಸುತ್ತವೆ. ಇಬ್ಬರು ಇಳಿದು ಓಡಾಡಲು ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಎರಡು ಹೆಲ್ಮೆಟ್ ಹಿಡಿಸಬೇಕೆಂದರೆ ಆ ಪೆಟ್ಟಿಗೆ ಅಗಲವಾಗಬೇಕು, ಎತ್ತರವೂ ಆಗಬೇಕು. ಅದರ ಮೇಲಿನ ಸೀಟೂ ಅಷ್ಟೇ ಅಗಲ, ಅಷ್ಟೇ ಎತ್ತರ. ಅಂದರೆ ನಿಮ್ಮ ಹೆಲ್ಮೆಟ್ ಕೂರುವ ಜಾಗಕ್ಕೆ ಹಿಂದಿನವರ ತೊಡೆಗಳು ಬಾಡಿಗೆ ಕಟ್ಟುತ್ತಿವೆ. ಗಿಡ್ಡ ಇರುವವರಿಗೆ, ವಯಸ್ಸಾದವರಿಗೆ, ಸೊಂಟನೋವು ಇರುವವರಿಗೆ ಇದು ಅರ್ಧ ಗಂಟೆಯಲ್ಲೇ ತಿಳಿಯುತ್ತದೆ. ಕರಪತ್ರದಲ್ಲಿ ಛಾಪಿಸುವ ಸೀಟಿನ ಎತ್ತರವೂ, 780 ಮಿ.ಮೀ. ಇರಲಿ 795 ಇರಲಿ, ಮುಂದಿನ ಸೀಟಿನದ್ದೇ. ಹಿಂದಿನದು ಅದಕ್ಕಿಂತ ಇನ್ನೂ ಮೇಲಿರುತ್ತದೆ, ಅದನ್ನು ಯಾರೂ ಬರೆಯುವುದಿಲ್ಲ. ಟೇಪ್ ಹಿಡಿದು ಅಳೆಯಿರಿ.

ಪಾದ ಇಡುವ ಜಾಗ ಇನ್ನೂ ಮುಖ್ಯ. ಒಂದು ಪರೀಕ್ಷೆ ಹೇಳುತ್ತೇನೆ. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ಇರಲಿ, ಯಾರಾದರೂ ಹಿಡಿದುಕೊಂಡಿರಲಿ. ಹಿಂದಿನವರು ಫುಟ್‌ರೆಸ್ಟ್ ಮೇಲೆ ಪಾದ ಊರಿ, ಸವಾರನ ಭುಜ ಹಿಡಿಯದೆ, ಬರೀ ಕಾಲಿನ ಬಲದಿಂದ ಸೀಟಿನಿಂದ ಒಂದು ಇಂಚು ಮೇಲೇಳಲಿ. ಏಳಲು ಬಂದರೆ ಫುಟ್‌ರೆಸ್ಟ್ ಸರಿಯಾದ ಕಡೆ ಇದೆ ಎಂದರ್ಥ. ಗುಂಡಿ ಕಂಡಾಗ ಅವರು ತಾವೇ ಸ್ವಲ್ಪ ಎದ್ದು ಪೆಟ್ಟು ತಪ್ಪಿಸಿಕೊಳ್ಳುತ್ತಾರೆ. ಪಾದ ತೀರಾ ಮುಂದೆ ಚಾಚಿದ್ದರೆ ಏಳಲು ಆಗುವುದಿಲ್ಲ, ಮೂಟೆಯಂತೆ ಕೂತೇ ಪೆಟ್ಟು ತಿನ್ನಬೇಕು. ತೀರಾ ಮೇಲಿದ್ದರೆ ಮೊಣಕಾಲು ಮಡಚಿಕೊಂಡು ಮರಗಟ್ಟುತ್ತದೆ. ಮಗುವನ್ನು ಕೂರಿಸುವವರಿಗೂ ಮೊದಲ ಪ್ರಶ್ನೆ ಇದೇ: ಪಾದ ಫುಟ್‌ರೆಸ್ಟಿಗೆ ಸಿಗುತ್ತದಾ? ಸಿಗದಿದ್ದರೆ ಕೂರಿಸುವ ಮಾತೇ ಬೇಡ.

ಸೀಟಿನ ಇಳಿಜಾರನ್ನೂ ನೋಡಿ. ಹಿಂದಿನ ಸೀಟು ಮುಂದಕ್ಕೆ ವಾಲಿದ್ದರೆ ಪ್ರತಿ ಬ್ರೇಕಿಗೂ ಹಿಂದಿನವರು ಜಾರಿ ಸವಾರನ ಬೆನ್ನಿಗೆ ಬರುತ್ತಾರೆ. ಟಕ್ ಅಂತ ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿಯುತ್ತದೆ. ಓಡಿಸಿ ನೋಡುವಾಗ ಆ ಟಕ್ ಎಷ್ಟು ಸಲ ಬಂತು ಅಂತ ಎಣಿಸಿ. ಮೊದಲ ಹತ್ತು ನಿಮಿಷದಲ್ಲಿ ಒಂದೆರಡು ಸಲವಾದರೆ ಅದು ನಿಮ್ಮ ಕೈಯ ತಪ್ಪಿರಬಹುದು. ನೀವು ನಾಜೂಕಾಗಿ ಬ್ರೇಕ್ ಹಿಡಿದ ಮೇಲೂ ಬರುತ್ತಿದ್ದರೆ ತಪ್ಪು ಸೀಟಿನದ್ದು.

ಹಿಡಿಕೆ ಎರಡೂ ಕಡೆ ಇರಬೇಕು, ಸೀಟಿನ ಪಕ್ಕದಲ್ಲೇ ಇರಬೇಕು. ತೀರಾ ಹಿಂದೆ ಇದ್ದರೆ ಕೈ ಬೆನ್ನ ಹಿಂದಕ್ಕೆ ತಿರುಚಿ ಹಿಡಿಯಬೇಕಾಗುತ್ತದೆ, ಹತ್ತು ನಿಮಿಷಕ್ಕೆ ಭುಜ ಸೋಲುತ್ತದೆ. ಬಲಗಾಲಿನ ಪಕ್ಕ ಸೈಲೆನ್ಸರ್ ಎಷ್ಟು ದೂರವಿದೆ ಅನ್ನುವುದನ್ನೂ ಎಂಜಿನ್ ಬಿಸಿಯಾದ ಮೇಲೆ ನೋಡಿ.

ಬ್ರೇಕು, ಗಾಳಿ, ಪೆಟ್ಟಿಗೆ

ತೂಕ ಶೇಕಡ 25ರಷ್ಟು ಹೆಚ್ಚಿದರೆ ಅದೇ ವೇಗದಿಂದ ನಿಲ್ಲಲು ಬ್ರೇಕ್ ನುಂಗಬೇಕಾದ ಬಿಸಿಯೂ ಅಷ್ಟೇ ಹೆಚ್ಚು. ಒಂದು ಒಳ್ಳೆಯದೂ ಇದೆ. ಒಬ್ಬರೇ ಇದ್ದಾಗ ಜೋರಾಗಿ ಹಿಂದಿನ ಬ್ರೇಕ್ ಹಿಡಿದರೆ ಚಕ್ರ ಬೇಗ ಜಾರುತ್ತದೆ. ಇಬ್ಬರಿದ್ದಾಗ ಹಿಂಚಕ್ರದ ಮೇಲೆ ಭಾರ ಇರುವುದರಿಂದ ಅದು ಚೆನ್ನಾಗಿ ಕಚ್ಚುತ್ತದೆ. ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಅಭ್ಯಾಸ ಮಾಡಿಕೊಳ್ಳಿ. ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಏರ್ಪಾಡು, ಎರಡೂ ಚಕ್ರಕ್ಕೆ ಇರುವುದನ್ನೇ ಆರಿಸಿ, ಇದರಲ್ಲಿ ಚೌಕಾಸಿ ಬೇಡ. ಉದ್ದದ ಇಳಿಜಾರಿನಲ್ಲಿ ವೇಗ ತೀರಾ ಕಮ್ಮಿಯಾದರೆ ಸ್ಕೂಟರಿನ ಕ್ಲಚ್ ಬಿಟ್ಟುಕೊಂಡು ಎಂಜಿನ್ ಹಿಡಿತ ತಪ್ಪುತ್ತದೆ, ಗಾಡಿ ತಾನಾಗಿ ಉರುಳಲು ಶುರು ಮಾಡುತ್ತದೆ. ಆಗ ಆಕ್ಸಿಲರೇಟರನ್ನು ಒಂಚೂರು ಮುಟ್ಟಿದರೆ ಕ್ಲಚ್ ಮತ್ತೆ ಹಿಡಿಯುತ್ತದೆ.

ಮುಂದಿನ ಗಾಜು ಸವಾರನಿಗೆ ಗಾಳಿ ತಪ್ಪಿಸುತ್ತದೆ. ಆ ಗಾಳಿ ಎಲ್ಲಿಗೆ ಹೋಗುತ್ತದೆ? ಸವಾರನ ಹೆಲ್ಮೆಟ್ ಮೇಲಿಂದ ಹಾಯ್ದು, ಎತ್ತರದಲ್ಲಿ ಕೂತ ಹಿಂದಿನವರ ಮುಖಕ್ಕೆ ಸುಳಿಯಾಗಿ ಬಡಿಯುತ್ತದೆ. ಗಾಜಿನ ಎತ್ತರ ಬದಲಿಸಲು ಬರುವ ಗಾಡಿಯಾದರೆ ಮೇಲೆ ಕೆಳಗೆ ಮಾಡಿ, ಪ್ರತಿ ಸಲ ಹಿಂದಿನವರನ್ನು ಕೇಳಿ.

ಹಿಂದಿನ ಪೆಟ್ಟಿಗೆ ಒರಗಲು ಚೆನ್ನ. ವೇಗ ಏರಿಸಿದಾಗ ಹಿಂದಕ್ಕೆ ಜಾರುವ ಭಯ ಹೋಗುತ್ತದೆ. ಆದರೆ ಅದು ಹಿಂಚಕ್ರದ ಅಚ್ಚಿಗಿಂತ ಹಿಂದೆ ಇರುತ್ತದೆ. ಚಕ್ರಗಳ ನಡುವಿನ ಅಂತರ 150 ಸೆಂ.ಮೀ., ಪೆಟ್ಟಿಗೆ ಅಚ್ಚಿಗಿಂತ 30 ಸೆಂ.ಮೀ. ಹಿಂದೆ ಎಂದುಕೊಂಡರೆ, ಅದರಲ್ಲಿಟ್ಟ ಪ್ರತಿ 10 ಕೆ.ಜಿ.ಗೆ ಮುಂಚಕ್ರ 2 ಕೆ.ಜಿ. ಹಗುರವಾಗುತ್ತದೆ, ಹಿಂಚಕ್ರಕ್ಕೆ 12 ಬೀಳುತ್ತದೆ. ಭಾರದ ಸಾಮಾನು ಸೀಟಿನ ಕೆಳಗಿರಲಿ, ಪೆಟ್ಟಿಗೆಯಲ್ಲಿ ಮಳೆಕೋಟು, ಬಟ್ಟೆಯಂಥವು ಸಾಕು.

ಓಡಿಸಿ ನೋಡುವ ದಿನ

ಇಬ್ಬರೂ ಹೋಗಿ. ನಿಮ್ಮದೇ ಹೆಲ್ಮೆಟ್, ನಿಮ್ಮದೇ ಜಾಕೆಟ್ ಇರಲಿ. ಹೊರಡುವ ಮೊದಲು ಪ್ರೀಲೋಡ್ ಇಬ್ಬರಿಗೆ ಹೊಂದಿಸಲು ಹೇಳಿ. ಇದನ್ನು ಮಾಡದೆ ಓಡಿಸಿದರೆ ಒಳ್ಳೆಯ ಗಾಡಿಯೂ ಕೆಟ್ಟದಾಗಿ ಕಾಣುತ್ತದೆ.

ಹತ್ತುವುದನ್ನು ಮೂರು ನಾಲ್ಕು ಸಲ ಮಾಡಿ ನೋಡಿ. ಸವಾರನ ಎರಡೂ ಪಾದ ನೆಲದ ಮೇಲೆ, ಸೈಡ್ ಸ್ಟ್ಯಾಂಡ್ ಮೇಲಕ್ಕೆ ಮಡಚಿ, ಎರಡೂ ಬ್ರೇಕ್ ಬಿಗಿಯಾಗಿ. ಹಿಂದಿನವರು ಭುಜ ತಟ್ಟಿದ ಮೇಲೆ ಸರಿ ಅನ್ನಿ, ಆಮೇಲೆ ಅವರು ಹತ್ತಲಿ. ಬ್ರೇಕ್ ಹಿಡಿಯುವುದು ಯಾಕೆ ಗೊತ್ತಾ? ಸ್ಕೂಟರಿನಲ್ಲಿ ಒತ್ತಿಹಿಡಿಯಲು ಕ್ಲಚ್ ಇಲ್ಲ, ನ್ಯೂಟ್ರಲ್ ಇಲ್ಲ. ಎಂಜಿನ್ ಓಡುತ್ತಿರುವಾಗ ಹತ್ತುವವರ ಮೊಣಕೈ ನಿಮ್ಮ ಬಲಗೈಗೆ ತಾಗಿ ಆಕ್ಸಿಲರೇಟರ್ ತಿರುಗಿದರೆ ಗಾಡಿ ಮುಂದಕ್ಕೆ ಹಾರುತ್ತದೆ. ಅವರ ಒಂದು ಕಾಲು ಆಗ ಇನ್ನೂ ಗಾಳಿಯಲ್ಲಿರುತ್ತದೆ. ಕಾಲು ಎತ್ತಿ ದಾಟಿಸಲು ಕಷ್ಟಪಡುವವರು ಮನೆಯಲ್ಲಿದ್ದರೆ ಹಿಂದಿನ ಪೆಟ್ಟಿಗೆ ಇರುವ ಎತ್ತರದ ಸೀಟಿನ ಗಾಡಿ ಅವರಿಗೆ ಆಗುವುದಿಲ್ಲ. ಅಂಥವರಿಗೆ ಸಣಕಲು ಸೀಟಿನ, ಪಾದ ಇಡುವ ನೆಲ ಸಪಾಟಾಗಿರುವ ಎಸ್‌ಎಚ್ 350ಯಂಥದ್ದು ವಾಸಿ. ಅದರಲ್ಲಿ ಸವಾರ ಮುಂಭಾಗದಿಂದ ಕಾಲು ಹಾಕಿ ಕೂರಬಹುದು. ಹಾಗಾಗಿ ಮೊದಲು ಹಿಂದಿನವರು ನಿಧಾನವಾಗಿ ಕೂತು, ಸವಾರ ಆಮೇಲೆ ಹತ್ತಲೂ ಆಗುತ್ತದೆ. ಆಗ ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ಇರಬೇಕು, ಪಕ್ಕದಲ್ಲಿ ಹಿಡಿಯಲು ಒಬ್ಬರು ಇರಬೇಕು.

ಹತ್ತು ನಿಮಿಷದ ಸುತ್ತಿನಲ್ಲಿ ಯಾವ ಸೀಟೂ ಚೆನ್ನಾಗಿಯೇ ಇರುತ್ತದೆ. ನಲವತ್ತು ನಿಮಿಷ ಕೇಳಿ. ಕೊಡುವುದಿಲ್ಲ ಎಂದರೆ ಅದೇ ಮಾದರಿಯನ್ನು ಒಂದು ದಿನಕ್ಕೆ ಬಾಡಿಗೆಗೆ ತಗೊಳ್ಳಿ. ದಾರಿಯಲ್ಲಿ ಒಂದು ಏರು, ಒಂದು ಕೆಟ್ಟ ರಸ್ತೆ, ಸ್ವಲ್ಪ ಹೆದ್ದಾರಿ ಇರಲಿ. ಆಮೇಲೆ ನೀವಿಬ್ಬರೂ ಜಾಗ ಬದಲಿಸಿ. ಹಿಂದಿನವರಿಗೆ ಓಡಿಸಲು ಬರದಿದ್ದರೆ ಬೇರೆ ಯಾರಾದರೂ ಓಡಿಸಲಿ, ನೀವು ಹಿಂದೆ ಕೂರಿ. ನಾನು ಎರಡನೇ ಗಾಡಿ ಕೊಳ್ಳುವಾಗ ಹಾಗೆ ಕೂತೆ. ಓಡಿಸುವಾಗ ನನಗೆ ತುಂಬಾ ಇಷ್ಟವಾಗಿದ್ದ ಒಂದು ಗಾಡಿಯಿಂದ ಇಪ್ಪತ್ತು ನಿಮಿಷಕ್ಕೇ ಇಳಿದೆ, ಮೊಣಕಾಲು ಸೆಟೆದುಕೊಂಡಿತ್ತು. ಕೊನೆಗೆ ತಂದಿದ್ದು ಇನ್ನೊಂದನ್ನು. ಶಕ್ತಿ ಸ್ವಲ್ಪ ಕಮ್ಮಿ, ಸೀಟು ಸಣಕಲು, ಅಡಿಯಲ್ಲಿ ಒಂದೇ ಹೆಲ್ಮೆಟ್ ಹಿಡಿಸುತ್ತದೆ. ಇನ್ನೊಂದು ಹೆಲ್ಮೆಟನ್ನು ಇಳಿದ ಮೇಲೆ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತೇನೆ.